ಪವರ್ ಸ್ಟೇರಿಂಗ್ ಆಯಿಲ್‌ನ ತಪಾಸಣೆ ಮತ್ತು ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವ, ಅಂದರೆ ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಇರುವ ಕಾರು, ಜೀಪುಗಳಿಗೆ ಸಂಬಂಧಿಸಿದವು. ಉದಾಹರಣೆ ಬೇಕಾದ ಕಡೆಗಳಲ್ಲಿ ಹೆಚ್ಚಾಗಿ 2005ರಿಂದ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಟೊಯೋಟಾ ಇನ್ನೋವಾವನ್ನು ತೆಗೆದುಕೊಳ್ಳಲಾಗಿದೆ. ಆ ಕಾಲದ ಗಾಡಿಗಳು ಇಂದಿಗೂ ಬಾಡಿಗೆಗೆ ಓಡುತ್ತಿರುವುದರಿಂದ, ಅವುಗಳ ಸ್ಟೇರಿಂಗ್‌ನ ಪ್ರಶ್ನೆಗಳೂ ಇನ್ನೂ ಬರುತ್ತಲೇ ಇವೆ.

ನನ್ನ ಕಾರಿಗೆ ಪವರ್ ಸ್ಟೇರಿಂಗ್ ಆಯಿಲ್ ಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇದು. ಇತ್ತೀಚಿನ ಬಹುತೇಕ ಸಣ್ಣ ಕಾರುಗಳಲ್ಲಿ ಆಯಿಲ್ ಇರುವುದೇ ಇಲ್ಲ. ಅಲ್ಲಿ ಸ್ಟೇರಿಂಗ್ ತಿರುಗಿಸಲು ನೆರವಾಗುವುದು ಒಂದು ವಿದ್ಯುತ್ ಮೋಟಾರು. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂದ ಈ ವ್ಯವಸ್ಥೆ, ಇಂಧನ ಉಳಿಸುತ್ತದೆ ಮತ್ತು ಜಾಗ ಕಡಿಮೆ ಸಾಕು ಎಂಬ ಕಾರಣಕ್ಕೆ ಈಗ ಎಲ್ಲೆಡೆ ಹರಡಿದೆ. ಮಾರುತಿ ಸ್ವಿಫ್ಟ್, ಟಾಟಾ ಟಿಯಾಗೋ, ಇನ್ನೋವಾ ಹೈಕ್ರಾಸ್ ಮೊದಲಾದವು ಈ ಬಗೆಯವು. ಕ್ವಾಲಿಸ್, ಹಳೆಯ ಇನ್ನೋವಾ, ಇನ್ನೋವಾ ಕ್ರಿಸ್ಟಾ, ಟಾಟಾ ಸುಮೊ, ಷೆವ್ರೊಲೆ ತವೇರಾ, ಮಹೀಂದ್ರಾ ಬೊಲೆರೊ, ಹಳೆಯ ಸ್ಕಾರ್ಪಿಯೊ ಮುಂತಾದವುಗಳಲ್ಲಿ ಪವರ್ ಸ್ಟೇರಿಂಗ್ ಇದ್ದರೆ ಅದು ಆಯಿಲ್ ಬಳಸುವ ಬಗೆಯದು.

ಬಾನೆಟ್ ಎತ್ತಿ ನೋಡಿದರೂ ಗೊತ್ತಾಗುತ್ತದೆ. ಮುಚ್ಚಳದ ಮೇಲೆ ಸ್ಟೇರಿಂಗ್ ಚಕ್ರದ ಚಿತ್ರವೋ ಪವರ್ ಸ್ಟೇರಿಂಗ್ ಎಂಬ ಬರಹವೋ ಇರುವ ಸಣ್ಣ ಡಬ್ಬಿ ಇದ್ದರೆ ನಿಮ್ಮದು ಹೈಡ್ರಾಲಿಕ್. ಅಂಥ ಡಬ್ಬಿ ಕಾಣದಿದ್ದರೆ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯನ್ನು ನೋಡಿ. ಕೆಲವು ಕಾರುಗಳಲ್ಲಿ ಬೆಲ್ಟಿನ ಬದಲು ವಿದ್ಯುತ್ ಮೋಟಾರೇ ಆಯಿಲ್ ಪಂಪನ್ನು ತಿರುಗಿಸುವ ಮಿಶ್ರ ವ್ಯವಸ್ಥೆಯೂ ಇದೆ. ಅದಕ್ಕೂ ಆಯಿಲ್ ಬೇಕೇ ಬೇಕು. ಡಬ್ಬಿಯೇ ಇಲ್ಲದ ಕಾರಿನ ಸರ್ವೀಸ್ ಬಿಲ್ಲಿನಲ್ಲಿ ಪವರ್ ಸ್ಟೇರಿಂಗ್ ಆಯಿಲ್‌ಗೆ ಹಣ ಹಾಕಿದ್ದರೆ, ಅದನ್ನು ಎಲ್ಲಿಗೆ ಸುರಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಈ ಆಯಿಲ್ ನಿಜವಾಗಿ ಮಾಡುವ ಕೆಲಸವೇನು?

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು, ಡಬ್ಬಿಯಿಂದ ಆಯಿಲ್ ಎಳೆದುಕೊಂಡು, ದಪ್ಪನೆಯ ಹೋಸ್ ಪೈಪಿನ ಮೂಲಕ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಸ್ಟೇರಿಂಗ್ ಬಾಕ್ಸಿಗೋ ಹಲ್ಲುಗಳಿರುವ ಅಡ್ಡ ಸರಳಾದ ರ‍್ಯಾಕಿಗೋ ತಳ್ಳುತ್ತದೆ. ನೀವು ಸ್ಟೇರಿಂಗ್ ಚಕ್ರ ತಿರುಗಿಸಿದಾಗ ಒಳಗಿರುವ ತೆಳುವಾದ ಉಕ್ಕಿನ ಸರಳು ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದ ಒಂದು ವಾಲ್ವು ತೆರೆದುಕೊಂಡು, ತಿರುಗಿಸಿದ ದಿಕ್ಕಿಗೆ ತಕ್ಕಂತೆ ಪಿಸ್ಟನ್ನಿನ ಎಡಕ್ಕೋ ಬಲಕ್ಕೋ ಆಯಿಲ್ ಬಿಡುತ್ತದೆ. ಪೂರ್ತಿ ತಿರುಗಿಸಿ ಹಿಡಿದಾಗ ಒತ್ತಡ 70ರಿಂದ 100 ಬಾರ್‌ವರೆಗೂ ಏರಬಹುದು, ಅಂದರೆ ಟೈರಿನ ಗಾಳಿಯ ಒತ್ತಡದ ಮೂವತ್ತು ನಲವತ್ತು ಪಟ್ಟು. ಒತ್ತಡವನ್ನು ಸಾಗಿಸುವುದರ ಜೊತೆಗೆ ಪಂಪಿನ ಒಳಭಾಗಗಳು ಸವೆಯದಂತೆ ಜಾರಿಸುವುದು, ಬಿಸಿಯನ್ನು ಹೊತ್ತೊಯ್ಯುವುದು, ರಬ್ಬರ್ ಸೀಲುಗಳನ್ನು ಮೆದುವಾಗಿ ಇಡುವುದು, ಇವೂ ಇದೇ ಆಯಿಲ್‌ನ ಕೆಲಸ.

ಅಮೆರಿಕದ ಪಿಯರ್ಸ್ ಆರೋ ಕಂಪನಿಯಲ್ಲಿ ಟ್ರಕ್ಕುಗಳ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಈ ವ್ಯವಸ್ಥೆಯನ್ನು ಕಾರಿನಲ್ಲಿ ಜೋಡಿಸಿ ತೋರಿಸಿದರು. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಆಯಿಲ್, ಪಂಪು, ವಾಲ್ವು, ಪಿಸ್ಟನ್ ಎಂಬ ಮೂಲ ಲೆಕ್ಕ ಅಂದಿನಿಂದ ಬದಲಾಗಿಲ್ಲ.

ಆಯಿಲ್ ಮಟ್ಟ ನೋಡುವ ಸರಿಯಾದ ಕ್ರಮ ಯಾವುದು?

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳು ನೇರವಾಗಿರುವಂತೆ ಸ್ಟೇರಿಂಗ್ ಇಟ್ಟು, ಎಂಜಿನ್ ಆಫ್ ಮಾಡಿ. ಮುಚ್ಚಳ ತೆಗೆಯುವ ಮೊದಲು ಅದರ ಸುತ್ತಲಿನ ದೂಳನ್ನು ಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು. ಡಬ್ಬಿಯೊಳಗೆ ಬೀಳುವ ಒಂದು ಚಿಟಿಕೆ ಮಣ್ಣು ನೇರವಾಗಿ ಪಂಪಿನ ಹಾದಿ ಹಿಡಿಯುತ್ತದೆ. ಕೆಮ್ಮಣ್ಣಿನ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಎರಡು ಬಗೆಯ ಡಬ್ಬಿಗಳಿವೆ. ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಾದರೆ ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಹಳೆಯದಾಗಿ ಮಾಸಿದ್ದರೆ ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಇನ್ನೊಂದರಲ್ಲಿ ಮುಚ್ಚಳದ ಕೆಳಗೇ ಒಂದು ಅಳತೆಯ ಕಡ್ಡಿ ಅಂಟಿಕೊಂಡಿರುತ್ತದೆ. ಕಡ್ಡಿಯನ್ನು ಒಮ್ಮೆ ಒರೆಸಿ, ಮುಚ್ಚಳವನ್ನು ಪೂರ್ತಿ ತಿರುಗಿಸಿ ಮುಚ್ಚಿ, ಮತ್ತೆ ತೆಗೆದು ಓದಬೇಕು. ಅರ್ಧ ತಿರುಗಿಸಿ ತೆಗೆದರೆ ಕಡ್ಡಿ ಪೂರ್ತಿ ಇಳಿದಿರುವುದಿಲ್ಲ, ಇದ್ದದ್ದಕ್ಕಿಂತ ಕಡಿಮೆ ಮಟ್ಟ ತೋರಿಸುತ್ತದೆ.

ಹಲವರು ಎಡವುವುದು ಗುರುತುಗಳನ್ನು ಓದುವಲ್ಲಿ. ಟೊಯೋಟಾದ ಅನೇಕ ಗಾಡಿಗಳಲ್ಲಿ ಹಾಟ್ ಮತ್ತು ಕೋಲ್ಡ್ ಎಂಬ ಎರಡು ಪ್ರತ್ಯೇಕ ಪಟ್ಟಿಗಳಿದ್ದು, ಪ್ರತಿಯೊಂದಕ್ಕೂ ಮೇಲಿನ ಗೆರೆ, ಕೆಳಗಿನ ಗೆರೆ ಇರುತ್ತವೆ. ಕೋಲ್ಡ್ ಎಂದರೆ ಎಂಜಿನ್ ಸುಮಾರು ಐದು ಗಂಟೆ ಚಾಲೂ ಆಗದೆ ನಿಂತಿದ್ದು, ಸುತ್ತಲಿನ ಉಷ್ಣತೆ 10ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವಾಗಿನ ಮಟ್ಟ. ಹಾಟ್ ಎಂದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ ಬಂದ ನಂತರದ ಮಟ್ಟ. ಆಯಿಲ್ ಬಿಸಿಯಾದಾಗ ಹಿಗ್ಗುತ್ತದೆ. ಆದ್ದರಿಂದ ತಣ್ಣಗಿರುವ ಗಾಡಿಯಲ್ಲಿ ಹಾಟ್ ಗೆರೆಯವರೆಗೆ ತುಂಬಿಸಿದರೆ, ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಅದು ಮುಚ್ಚಳದ ಗಾಳಿರಂಧ್ರದಿಂದ ಹೊರಬಂದು, ಎಂಜಿನ್ ಮೇಲೆಲ್ಲ ಹರಡಿ, ಎಲ್ಲೋ ಲೀಕ್ ಆಗಿದೆ ಎಂಬ ಸುಳ್ಳು ಗಾಬರಿ ಹುಟ್ಟಿಸುತ್ತದೆ. ಮನೆಯಲ್ಲಿ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಕೋಲ್ಡ್ ಗುರುತಿನಲ್ಲಿ ನೋಡುವುದೇ ಸುಲಭ ಮತ್ತು ನಂಬಲರ್ಹ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ತಿಂಗಳಿಗೊಮ್ಮೆ, ಎಂಜಿನ್ ಆಯಿಲ್ ನೋಡುವಾಗಲೇ ಇದನ್ನೂ ನೋಡಿದರೆ ಸಾಕು. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಇನ್ನೊಮ್ಮೆ ನೋಡಿ.

ಮಟ್ಟ ಕಡಿಮೆಯಾಗಿದೆ. ಮೇಲಿನ ಗೆರೆಯವರೆಗೆ ತುಂಬಿಸಿದರೆ ಮುಗಿಯಿತೇ?

ಮುಗಿಯಲಿಲ್ಲ. ಎಂಜಿನ್ ಆಯಿಲ್ ಅಷ್ಟಿಷ್ಟು ಸುಟ್ಟುಹೋಗುವುದು ಸಹಜ. ಬ್ರೇಕ್ ಪ್ಯಾಡು ಸವೆದಂತೆ ಬ್ರೇಕ್ ಆಯಿಲ್‌ನ ಮಟ್ಟ ಇಳಿಯುವುದೂ ಸಹಜ. ಪವರ್ ಸ್ಟೇರಿಂಗ್ ಆಯಿಲ್‌ಗೆ ಇಂಥ ಯಾವ ಕಾರಣವೂ ಇಲ್ಲ. ಅದು ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ರ‍್ಯಾಕಿಗೆ, ರ‍್ಯಾಕಿನಿಂದ ಮರಳಿ ಡಬ್ಬಿಗೆ ಸುತ್ತುತ್ತಲೇ ಇರುತ್ತದೆ, ಎಲ್ಲಿಯೂ ಖರ್ಚಾಗುವುದಿಲ್ಲ. ಹಾಗಾಗಿ ಮಟ್ಟ ಇಳಿದಿದೆ ಎಂದರೆ ಹೊರಗೆ ಸೋರಿದೆ ಎಂದೇ ಅರ್ಥ.

ಕೆಳಗಿನ ಗೆರೆಗಿಂತ ಇಳಿದಿದ್ದರೆ ಸದ್ಯಕ್ಕೆ ಸರಿಯಾದ ಆಯಿಲ್‌ನಿಂದ ತುಂಬಿಸಿ, ಏಕೆಂದರೆ ಪಂಪು ಒಣಗಿ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಒಳಗಿನ ಲೋಹ ಗೀರಿಹೋಗುತ್ತದೆ. ಆದರೆ ತುಂಬಿಸಿದ ದಿನಾಂಕ, ಕಿ.ಮೀ. ಓದು ಮತ್ತು ಹಾಕಿದ ಪ್ರಮಾಣವನ್ನು ಬರೆದಿಡಿ. ವರ್ಷಕ್ಕೊಮ್ಮೆ ಒಂದು ಚಮಚೆಯಷ್ಟು ಬೇಕಾಗುತ್ತಿದ್ದರೆ ಕಾದು ನೋಡಬಹುದು. ಎರಡು ವಾರಕ್ಕೊಮ್ಮೆ ಬೇಕಾಗುತ್ತಿದ್ದರೆ ಬಾಟಲಿ ಕೊಳ್ಳುವುದನ್ನು ಬಿಟ್ಟು ಸೋರುವ ಜಾಗ ಹುಡುಕಬೇಕು. ಕೇಳದೆಯೇ ಪ್ರತಿ ಸರ್ವೀಸಿನಲ್ಲೂ ತುಂಬಿಸಿ ಕಳಿಸುವ ಗ್ಯಾರೇಜು ನಿಮಗೆ ಉಪಕಾರ ಮಾಡುತ್ತಿಲ್ಲ. ಅವರು ತುಂಬಿಸುತ್ತ ಹೋದಂತೆ, ಸೋರುತ್ತಿದೆ ಎಂಬುದನ್ನು ನಿಮಗೆ ತಿಳಿಸಬಹುದಾಗಿದ್ದ ಗುರುತೇ ಅಳಿಸಿಹೋಗುತ್ತದೆ.

ಸೋರಿಕೆಯನ್ನು ಹುಡುಕುವುದು ಹೇಗೆ? ಸಾಮಾನ್ಯವಾಗಿ ಎಲ್ಲಿ ಸೋರುತ್ತದೆ?

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ನಿನ ಕೆಳಗೆ ದೊಡ್ಡ ರಟ್ಟನ್ನೋ ಹಳೆಯ ದಿನಪತ್ರಿಕೆಯನ್ನೋ ಹಾಸಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಕಲೆ ಕೆಂಪಗೋ ಕಂದುಗೆಂಪಗೋ ಇದ್ದು ತೆಳುವಾಗಿದ್ದರೆ ಸ್ಟೇರಿಂಗ್ ಆಯಿಲ್ ಇರಬಹುದು. ಆಟೋಮ್ಯಾಟಿಕ್ ಗೇರಿನ ಗಾಡಿಯಾದರೆ ಗೇರಿನ ಆಯಿಲ್ ಕೂಡ ಕೆಂಪೇ ಎಂಬುದು ನೆನಪಿರಲಿ. ಕಪ್ಪಾಗಿ ಮಂದವಾಗಿದ್ದರೆ ಎಂಜಿನ್ ಆಯಿಲ್. ಬರೀ ನೀರಾಗಿದ್ದರೆ ಎಸಿಯದು, ಅದಕ್ಕೆ ಚಿಂತೆ ಬೇಡ.

ಮೊದಲು ಸುಲಭದ ಜಾಗಗಳನ್ನು ನೋಡಿ. ಡಬ್ಬಿಯಿಂದ ಹೊರಡುವ ಮತ್ತು ಡಬ್ಬಿಗೆ ಮರಳುವ ರಬ್ಬರ್ ಪೈಪುಗಳ ಕ್ಲಿಪ್ಪುಗಳು ಸಡಿಲಾಗಿದ್ದರೆ ಅಲ್ಲಿಯೇ ಒದ್ದೆಯ ಗುರುತು ಇರುತ್ತದೆ, ಅದರ ಮೇಲೆ ದೂಳು ಮೆತ್ತಿ ಕಪ್ಪು ಜಿಡ್ಡಾಗಿರುತ್ತದೆ. ಇದು ಕಡಿಮೆ ಖರ್ಚಿನ ದುರಸ್ತಿ. ಆಮೇಲೆ ಪಂಪಿನಿಂದ ಹೊರಡುವ ಹೆಚ್ಚು ಒತ್ತಡದ ಪೈಪನ್ನು ನೋಡಿ. ಕಬ್ಬಿಣದ ಕೊಳವೆ ಮತ್ತು ರಬ್ಬರು ಒಂದನ್ನೊಂದು ಅಮುಕಿ ಹಿಡಿದಿರುವ ಸಂದಿನಲ್ಲಿ ಅದು ಬೆವೆತಂತೆ ಒಸರುತ್ತದೆ. ಈ ಪೈಪಿಗೆ ಸಾಮಾನ್ಯ ರಬ್ಬರ್ ಟ್ಯೂಬು, ಕ್ಲಿಪ್ಪು ಹಾಕಿ ಕೆಲಸ ಮುಗಿಸಲು ಯಾರಾದರೂ ಮುಂದಾದರೆ ಒಪ್ಪಬೇಡಿ. 70 ಬಾರ್ ಒತ್ತಡಕ್ಕೆ ಅದು ನಿಲ್ಲುವುದಿಲ್ಲ. ಪಂಪಿನ ಪುಲ್ಲಿಯ ಹಿಂದೆ ಒದ್ದೆಯಿದ್ದರೆ ಅದರ ಶಾಫ್ಟಿನ ಸೀಲು ಹೋಗಿದೆ.

ಕೊನೆಯದು ರ‍್ಯಾಕು. ಅದರ ಎರಡೂ ತುದಿಗಳಲ್ಲಿ ಅಕಾರ್ಡಿಯನ್ನಿನಂತೆ ಮಡಿಕೆಯಿರುವ ರಬ್ಬರ್ ಬೂಟುಗಳಿರುತ್ತವೆ. ಅದನ್ನು ಬೆರಳಿನಿಂದ ಅಮುಕಿದಾಗ ಒಳಗೆ ದ್ರವ ಅಲುಗಾಡಿದರೆ, ಅಥವಾ ಮಡಿಕೆಯಿಂದ ಆಯಿಲ್ ತೊಟ್ಟಿಕ್ಕಿದರೆ, ರ‍್ಯಾಕಿನ ಒಳಸೀಲು ಸೋತಿದೆ. ನೆಲದ ಮೇಲೆ ಹನಿ ಬೀಳದೆಯೂ ಮಟ್ಟ ಇಳಿಯುತ್ತಿದ್ದರೆ ಮೊದಲ ಅನುಮಾನ ಈ ಬೂಟುಗಳ ಮೇಲೆಯೇ ಇರಬೇಕು, ಏಕೆಂದರೆ ಸೋರಿದ ಆಯಿಲ್ ಬಹುಕಾಲ ಅವುಗಳ ಒಳಗೇ ತುಂಬಿಕೊಂಡಿರುತ್ತದೆ.

ಒಂದು ಎಚ್ಚರಿಕೆ: ಎಂಜಿನ್ ಚಾಲೂ ಇರುವಾಗ ಒತ್ತಡದ ಪೈಪನ್ನು ಬರಿಗೈಯಿಂದ ಸವರಿ ಸೋರಿಕೆ ಹುಡುಕಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು; ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೆಯೇ ಈ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆಯಾಡುತ್ತದೆ, ಬೆಂಕಿಯೂ ಹೊತ್ತಬಹುದು. ಸುಟ್ಟ ಎಣ್ಣೆಯ ವಾಸನೆ ಬಂದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ನೋಡುವುದು ಒಳ್ಳೆಯದು.

ಯಾವ ಆಯಿಲ್ ಹಾಕಬೇಕು? ಅಂಗಡಿಯಲ್ಲಿ ಎಲ್ಲವೂ ಒಂದೇ ಎನ್ನುತ್ತಾರೆ.

ಒಂದೇ ಅಲ್ಲ. ಉತ್ತರ ನಿಮ್ಮ ಡಬ್ಬಿಯ ಮುಚ್ಚಳದ ಮೇಲೋ ಕೈಪಿಡಿಯ ಕೊನೆಯ ಪುಟಗಳಲ್ಲೋ ಇರುತ್ತದೆ. ಹಳೆಯ ಇನ್ನೋವಾದಂಥ ಟೊಯೋಟಾ ಗಾಡಿಗಳಿಗೆ ಡೆಕ್ಸ್ರಾನ್–2 ಅಥವಾ ಡೆಕ್ಸ್ರಾನ್–3 ಬಗೆಯ ಎಟಿಎಫ್ ಸಾಕು. ಎಟಿಎಫ್ ಎಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆಂದು ರೂಪಿಸಿದ, ಗುರುತಿಗೆ ಕೆಂಪು ಬಣ್ಣ ಬೆರೆಸಿದ ಆಯಿಲ್. ಡೆಕ್ಸ್ರಾನ್ ಎಂಬುದು ಜನರಲ್ ಮೋಟರ್ಸ್ ಕಂಪನಿಯ ಗುಣಮಟ್ಟದ ಹೆಸರು. ಅದರ ನಂತರ ಬಂದ ಡೆಕ್ಸ್ರಾನ್–6 ಹಿಂದಿನದಕ್ಕಿಂತ ತೆಳು. ಕೈಪಿಡಿಯಲ್ಲಿ 2 ಅಥವಾ 3 ಎಂದಿದ್ದರೆ ಆ ಗುಣಮಟ್ಟವನ್ನೇ ಬರೆದಿರುವ ಬಾಟಲಿ ಕೇಳಿ.

ಹಳೆಯ ಹೋಂಡಾ ಅಕಾರ್ಡ್, ಸಿಆರ್–ವಿ ಇದ್ದವರು ಎಟಿಎಫ್ ಹಾಕಬಾರದು. ಹೋಂಡಾ ತನ್ನದೇ ಸ್ಟೇರಿಂಗ್ ಆಯಿಲ್ ಸೂಚಿಸುತ್ತದೆ. ಬೇರೆಯದು ಸೀಲುಗಳನ್ನು ಕೆಡಿಸುತ್ತದೆ ಎಂದು ಕೈಪಿಡಿಯಲ್ಲಿಯೇ ಎಚ್ಚರಿಸುತ್ತದೆ. ಹುಂಡೈ ತನ್ನ ಹೈಡ್ರಾಲಿಕ್ ಗಾಡಿಗಳಿಗೆ ಪಿಎಸ್ಎಫ್–3, ಪಿಎಸ್ಎಫ್–4 ಎಂಬ ಬೇರೆ ಬೇರೆ ಆಯಿಲ್‌ಗಳನ್ನು ಹೇಳಿದೆ. ಜರ್ಮನಿಯ ಕಾರುಗಳಲ್ಲಿ ಹೆಚ್ಚಾಗಿ ಹಸಿರು ಬಣ್ಣದ ಸಿಂಥೆಟಿಕ್ ಆಯಿಲ್ ಬಳಸುತ್ತಾರೆ. ಪೆಂಟೋಸಿನ್ ಸಿಎಚ್ಎಫ್ 11ಎಸ್ ಇವುಗಳಲ್ಲಿ ಹೆಸರಾದದ್ದು. ಬಿಎಂಡಬ್ಲ್ಯು ಕೆಲವು ಮಾದರಿಗಳಿಗೆ ಕೆಂಪು ಎಟಿಎಫ್, ಕೆಲವಕ್ಕೆ ಈ ಹಸಿರು ಆಯಿಲ್ ಹೇಳಿದ್ದು, ಯಾವುದೆಂದು ಮುಚ್ಚಳದ ಮೇಲೆ ಬರೆದಿರುತ್ತದೆ. ಕೆಂಪನ್ನೂ ಹಸಿರನ್ನೂ ಬೆರೆಸಬೇಡಿ.

ಎಲ್ಲ ಕಾರಿಗೂ ಆಗುತ್ತದೆ ಎಂದು ಬರೆದಿರುವ ಬಾಟಲಿ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ನಿಮ್ಮ ಕಾರಿಗೆ ಹೇಳಿರುವ ಗುಣಮಟ್ಟದ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಆ ಬಾಟಲಿ ನಿಮ್ಮ ಕಾರಿಗಲ್ಲ. ಬಿಡಿಯಾಗಿ ತೆರೆದ ಡಬ್ಬದಿಂದ ಸುರಿದುಕೊಡುವ ಆಯಿಲ್ ಬಣ್ಣ ಕೆಂಪಾಗಿದ್ದ ಮಾತ್ರಕ್ಕೆ ಒಪ್ಪಬೇಡಿ. ಬಣ್ಣ ಸೋರಿಕೆ ಗುರುತಿಸಲು ಹಾಕಿದ್ದೇ ಹೊರತು ಗುಣಮಟ್ಟಕ್ಕೆ ಸಾಕ್ಷಿಯಲ್ಲ.

ತಪ್ಪಿ ಬ್ರೇಕ್ ಆಯಿಲ್ ಹಾಕಿಬಿಟ್ಟರೆ ಏನಾಗುತ್ತದೆ?

ಎಂಜಿನ್ ಚಾಲೂ ಮಾಡಬೇಡಿ. ಬ್ರೇಕ್ ಆಯಿಲ್ ಗ್ಲೈಕಾಲ್ ಮೂಲದ್ದು. ಸ್ಟೇರಿಂಗ್‌ನ ಸೀಲುಗಳು ಖನಿಜ ತೈಲಕ್ಕೆಂದು ಮಾಡಿದವು, ಗ್ಲೈಕಾಲ್ ಅವುಗಳನ್ನು ಹಾಳುಗೆಡವುತ್ತದೆ. ಚಾಲೂ ಮಾಡಿರದಿದ್ದರೆ ಡಬ್ಬಿಯನ್ನು ಬರಿದು ಮಾಡಿ, ಬಿಚ್ಚಿ ತೊಳೆದು, ಹೊಸ ಆಯಿಲ್ ಹಾಕಿದರೆ ಪಾರಾಗುವ ಸಾಧ್ಯತೆ ಹೆಚ್ಚು. ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದ್ದರೆ ಇಡೀ ವ್ಯವಸ್ಥೆಯನ್ನು ಹಲವು ಸಲ ತೊಳೆಯಬೇಕಾಗುತ್ತದೆ.

ಇದರ ವಿರುದ್ಧವಾದ ತಪ್ಪು ಇನ್ನೂ ಅಪಾಯದ್ದು. ಸ್ಟೇರಿಂಗ್ ಆಯಿಲನ್ನು ಬ್ರೇಕಿನ ಡಬ್ಬಿಗೆ ಸುರಿದರೆ ಬ್ರೇಕಿನ ರಬ್ಬರುಗಳು ಊದಿಕೊಂಡು ಬ್ರೇಕು ಹಿಡಿದುಕೊಳ್ಳಬಹುದು ಅಥವಾ ಕೈಕೊಡಬಹುದು. ಹಾಗಾಗಿದ್ದರೆ ಗಾಡಿಯನ್ನು ಒಂದಿಂಚೂ ಓಡಿಸದೆ ಟೋ ಮಾಡಿಸಿ. ಬ್ರೇಕ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್–3 ಅಥವಾ ಡಾಟ್–4 ಎಂದು ಬರೆದಿರುತ್ತದೆ, ಅದು ಚಾಲಕನ ಎದುರಿನ ಗೋಡೆಯ ಬದಿಗೆ ಇರುತ್ತದೆ. ಎರಡೂ ಡಬ್ಬಿಗಳು ಗಾತ್ರದಲ್ಲಿ ಹತ್ತಿರ ಹತ್ತಿರ ಇರುವುದರಿಂದ ಪೆಟ್ರೋಲ್ ಬಂಕಿನಲ್ಲಿ ಯಾರೋ ಹುಡುಗ ತಂದು ಸುರಿಯುವಾಗ ಪಕ್ಕದಲ್ಲಿ ನಿಂತು ನೋಡುವುದು ಅತಿಯಾದ ಎಚ್ಚರವೇನಲ್ಲ.

ಆಯಿಲ್ ಕೆಟ್ಟಿದೆಯೋ ಇಲ್ಲವೋ ಎಂದು ನೋಡಿಯೇ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಕಡ್ಡಿಯ ತುದಿಯ ಆಯಿಲನ್ನು ಬಿಳಿಯ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಡಿ. ಹೊಸದು ತಿಳಿಗೆಂಪಾಗಿ ಹರಡುತ್ತದೆ. ಕೆಲವು ವರ್ಷ ಓಡಿದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಬದಲಿಸುವ ಯೋಚನೆ ಮಾಡಬಹುದು. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಮುಂದೂಡುವಂತಿಲ್ಲ. ಹನಿಯ ನಡುವೆ ಕಪ್ಪು ಚೂರುಗಳಿದ್ದರೆ ಪೈಪುಗಳ ಒಳಗಿನ ರಬ್ಬರು ಕಳಚುತ್ತಿರಬಹುದು. ಬಿಸಿಲಿಗೆ ಹಿಡಿದಾಗ ಮಿಣುಕುವ ಕಣಗಳು ಕಂಡರೆ ಪಂಪಿನ ಲೋಹ ಸವೆಯುತ್ತಿದೆ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿಯೋ ನೀರೋ ಸೇರಿದೆ. ಗಾಳಿಯಾಗಿದ್ದರೆ ಎಂಜಿನ್ ಆಫ್ ಮಾಡಿ ಒಂದು ಗಂಟೆ ಬಿಟ್ಟಾಗ ಅದು ಮತ್ತೆ ತಿಳಿಯಾಗುತ್ತದೆ, ನೀರಾಗಿದ್ದರೆ ತಿಳಿಯಾಗುವುದಿಲ್ಲ. ಮಳೆನೀರಿನಲ್ಲಿ ಬಾನೆಟ್‌ವರೆಗೆ ಮುಳುಗಿದ್ದ ಗಾಡಿಗಳಲ್ಲಿ ಇದನ್ನು ಖಂಡಿತ ನೋಡಬೇಕು.

ಸ್ಟೇರಿಂಗ್ ತಿರುಗಿಸಿದಾಗ ಗುಂಯ್‌ ಎನ್ನುವ ಸದ್ದು ಬರುತ್ತದೆ. ಪಂಪು ಹೋಯಿತೇ?

ಪಂಪಿಗೆ ಹಣ ತೆರುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಆಯಿಲ್ ಮಟ್ಟ. ಎರಡನೆಯದು ನೊರೆ. ಎಂಜಿನ್ ಚಾಲೂ ಇರುವಾಗ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟರೆ, ಗಾಳಿ ಸೇರಿದ ಆಯಿಲ್ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿರುವುದು ಕಾಣುತ್ತದೆ. ಸದ್ದು ಹುಟ್ಟುವುದು ಈ ಗುಳ್ಳೆಗಳು ಪಂಪಿನೊಳಗೆ ಒಡೆಯುವುದರಿಂದ. ಡಬ್ಬಿಯಿಂದ ಪಂಪಿಗೆ ಬರುವ ಪೈಪು ಎಳೆತದ ಬದಿಯದು. ಅಲ್ಲಿನ ಕ್ಲಿಪ್ಪು ಸಡಿಲಾಗಿದ್ದರೆ ಅಥವಾ ಸೇರುವ ಬಾಯಿಯ ಓ–ರಿಂಗು ಎಂಬ ರಬ್ಬರ್ ಉಂಗುರ ಗಟ್ಟಿಯಾಗಿದ್ದರೆ ಹೊರಗೆ ಒಂದು ಹನಿಯೂ ಸೋರದೆ ಒಳಕ್ಕೆ ಗಾಳಿ ಎಳೆದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಮಾತ್ರ ಗೊರಗೊರ ಎಂದು, ಬಿಸಿಯಾದ ಮೇಲೆ ತಾನಾಗಿ ನಿಲ್ಲುವ ಸದ್ದಿಗೆ ಅನೇಕ ಸಲ ಈ ಓ–ರಿಂಗೇ ಕಾರಣ. ಬಳೆಗಿಂತ ಚಿಕ್ಕದಾದ ಈ ರಬ್ಬರಿನ ಬೆಲೆಯನ್ನೂ ಹೊಸ ಪಂಪಿನ ಬೆಲೆಯನ್ನೂ ಹೋಲಿಸಿದರೆ ಮೊದಲು ಯಾವುದನ್ನು ಬದಲಿಸಿ ನೋಡಬೇಕೆಂದು ಹೇಳಬೇಕಿಲ್ಲ.

ಮೂರನೆಯದು ಡಬ್ಬಿಯ ತಳದ ಜಾಲರಿ. ಎಷ್ಟೋ ಗಾಡಿಗಳಲ್ಲಿ ಇದು ಡಬ್ಬಿಗೇ ಅಂಟಿಕೊಂಡಿದ್ದು ಬೇರೆಯಾಗಿ ಸಿಗುವುದಿಲ್ಲ. ಜಿಡ್ಡು ಕಟ್ಟಿ ಮುಚ್ಚಿದ್ದರೆ ಪಂಪಿಗೆ ಬೇಕಾದಷ್ಟು ಆಯಿಲ್ ಸಿಗದೆ ಅದು ಕೂಗುತ್ತದೆ. ಡಬ್ಬಿಯನ್ನು ಬಿಚ್ಚಿ ತೊಳೆದರೆ ಅಥವಾ ಹೊಸ ಡಬ್ಬಿಯನ್ನೇ ಹಾಕಿದರೆ ಸದ್ದು ಹೋಗಬಹುದು. ಈ ಮೂರೂ ಸರಿಯಿದ್ದು ಸದ್ದು ಮುಂದುವರಿದರೆ ಆಗ ಪಂಪನ್ನು ಅನುಮಾನಿಸಿ.

ಗುಂಯ್‌ ಎನ್ನುವುದಕ್ಕಿಂತ ಬೇರೆಯಾದ, ಕಿವಿಗೆ ಚುಚ್ಚುವ ಕೀಚಲು ಸದ್ದು ಬಂದರೆ ಅದು ಬೆಲ್ಟಿನದು. ಪೂರ್ತಿ ತಿರುಗಿಸಿದಾಗ ಅಥವಾ ಮಳೆಯಲ್ಲಿ ಚಾಲೂ ಮಾಡಿದ ಕೂಡಲೇ ಅದು ಹೆಚ್ಚು. ಸೋರಿದ ಆಯಿಲ್ ಬೆಲ್ಟಿನ ಮೇಲೆ ಬಿದ್ದಿದ್ದರೆ ಬೆಲ್ಟು ಊದಿ ಜಾರುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟು ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಓಡುವಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಜೊತೆಗೆ ಬ್ಯಾಟರಿಯ ಕೆಂಪು ದೀಪವೂ ಹೊತ್ತಿಕೊಂಡರೆ ಬೆಲ್ಟು ತುಂಡಾಗಿರಬಹುದು. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವ ಗಾಡಿಗಳಲ್ಲಿ ಎಂಜಿನ್ ಕಾದುಹೋಗುವ ಅಪಾಯವಿರುವುದರಿಂದ ಕೂಡಲೇ ನಿಲ್ಲಿಸಬೇಕು.

ಎಷ್ಟು ಕಿ.ಮೀ.ಗೆ ಆಯಿಲ್ ಬದಲಿಸಬೇಕು?

ಅನೇಕ ತಯಾರಕರು ಇದಕ್ಕೆ ಅವಧಿಯನ್ನೇ ಹೇಳಿಲ್ಲ, ಪರೀಕ್ಷಿಸಿ ಎಂದಷ್ಟೇ ಹೇಳುತ್ತಾರೆ. ಕೈಪಿಡಿಯಲ್ಲಿ ಅವಧಿ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ 60ರಿಂದ 80 ಸಾವಿರ ಕಿ.ಮೀ.ಗೆ ಅಥವಾ ನಾಲ್ಕು ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದಕ್ಕೆ, ಬದಲಿಸುವುದು ವಿವೇಕದ ಕ್ರಮ ಎಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನವಿಡೀ ನಿಧಾನಗತಿಯಲ್ಲಿ ತಿರುಗುತ್ತಲೇ ಇರುವ ಬಾಡಿಗೆ ಗಾಡಿ, ಹೆದ್ದಾರಿಯಲ್ಲಿ ನೇರವಾಗಿ ಓಡುವ ಗಾಡಿಗಿಂತ ತನ್ನ ಸ್ಟೇರಿಂಗ್ ಆಯಿಲನ್ನು ಹೆಚ್ಚು ಬಿಸಿ ಮಾಡುತ್ತದೆ. ಅಂಥದ್ದಕ್ಕೆ ಕಿ.ಮೀ. ಲೆಕ್ಕಕ್ಕಿಂತ ಟಿಶ್ಯೂ ಕಾಗದದ ಪರೀಕ್ಷೆಯೇ ಮೇಲು.

ಮನೆಯಲ್ಲೇ ಬದಲಿಸಬಹುದೇ?

ಸಿರಿಂಜ್ ಬಳಸುವ ಸುಲಭದ ವಿಧಾನವನ್ನು ಯಾರು ಬೇಕಾದರೂ ಮಾಡಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ 50 ಮಿ.ಲೀ. ಸಿರಿಂಜಿಗೆ ಒಂದಡಿ ಪ್ಲಾಸ್ಟಿಕ್ ಟ್ಯೂಬು ಸಿಕ್ಕಿಸಿ, ಡಬ್ಬಿಯಲ್ಲಿರುವ ಹಳೆಯ ಆಯಿಲನ್ನೆಲ್ಲ ಹೀರಿ ತೆಗೆದು, ಹೊಸದನ್ನು ಗೆರೆಯವರೆಗೆ ತುಂಬಿಸಿ. ಎಂಜಿನ್ ಚಾಲೂ ಮಾಡಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಕೆಲವು ಸಲ ತಿರುಗಿಸಿ. ಎರಡು ಮೂರು ದಿನ ಓಡಿಸಿದ ಮೇಲೆ ಇದನ್ನೇ ಮತ್ತೆ ಮಾಡಿ.

ಒಂದು ಸಲಕ್ಕೆ ಏಕೆ ಸಾಲದು ಎಂಬುದನ್ನು ಲೆಕ್ಕದಿಂದ ನೋಡಬಹುದು. ಇಡೀ ವ್ಯವಸ್ಥೆಯಲ್ಲಿ 1 ಲೀಟರ್ ಇದ್ದು ಡಬ್ಬಿಯಿಂದ 300 ಮಿ.ಲೀ. ತೆಗೆಯಲು ಸಾಧ್ಯ ಎಂದುಕೊಳ್ಳಿ. ಮೊದಲ ಸಲದ ನಂತರ ಹಳೆಯದು ಶೇ 70ರಷ್ಟು ಉಳಿಯುತ್ತದೆ, ಎರಡನೆಯ ಸಲದ ನಂತರ ಶೇ 49, ಮೂರಕ್ಕೆ ಶೇ 34, ನಾಲ್ಕಕ್ಕೆ ಶೇ 24, ಐದಕ್ಕೆ ಶೇ 17. ಐದು ಸಲಕ್ಕೆ ಒಂದೂವರೆ ಲೀಟರ್ ಹೊಸ ಆಯಿಲ್ ಬೇಕು. ಆಯಿಲ್ ತೀರಾ ಕಪ್ಪಾಗಿಲ್ಲದಿದ್ದರೆ ಮೂರು ನಾಲ್ಕು ಸಲ ಮಾಡಿದರೆ ಸಾಕಾಗುತ್ತದೆ.

ಪೂರ್ತಿ ಬದಲಿಸುವ ಕ್ರಮ ಹೇಗೆ? ಗಾಳಿ ತೆಗೆಯುವುದು ಎಂದರೇನು?

ಇದನ್ನು ಅನುಭವವಿರುವ ಮೆಕ್ಯಾನಿಕ್ ಕೈಯಿಂದ ಮಾಡಿಸುವುದೇ ಒಳ್ಳೆಯದು, ಆದರೆ ಅವರು ಏನು ಮಾಡುತ್ತಿದ್ದಾರೆಂದು ನಿಮಗೆ ತಿಳಿದಿರಬೇಕು. ಮುಂದಿನ ಚಕ್ರಗಳು ನೆಲ ಬಿಡುವಂತೆ ಜಾಕ್ ಹಾಕಿ, ಅದರ ಜೊತೆಗೆ ಭದ್ರವಾದ ಸ್ಟ್ಯಾಂಡು ಕೊಟ್ಟು, ಡಬ್ಬಿಗೆ ಮರಳುವ ಪೈಪನ್ನು ಕಳಚಿ ಒಂದು ಬಾಟಲಿಗೆ ಬಿಡುತ್ತಾರೆ. ಡಬ್ಬಿಯ ಆ ಬಾಯಿಗೆ ಬಿರಡೆ ಹಾಕುತ್ತಾರೆ. ಎಂಜಿನ್ ಚಾಲೂ ಮಾಡದೆಯೇ ಒಬ್ಬರು ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಿದ್ದರೆ ಹಳೆಯ ಆಯಿಲ್ ಬಾಟಲಿಗೆ ಬೀಳುತ್ತದೆ. ಇನ್ನೊಬ್ಬರು ಡಬ್ಬಿ ಬರಿದಾಗದಂತೆ ಹೊಸದನ್ನು ಸುರಿಯುತ್ತಲೇ ಇರಬೇಕು. ಪೈಪಿನಿಂದ ತಿಳಿಗೆಂಪು ಆಯಿಲ್ ಬರತೊಡಗಿದಾಗ ನಿಲ್ಲಿಸಿ ಪೈಪನ್ನು ಮರಳಿ ಜೋಡಿಸುತ್ತಾರೆ.

ಆಮೇಲಿನ ಕೆಲಸ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆಯುವುದು. ಚಕ್ರಗಳು ಇನ್ನೂ ಮೇಲೆಯೇ ಇರುವಾಗ, ಎಂಜಿನ್ ಆಫ್ ಇಟ್ಟು, ಹದಿನೈದು ಇಪ್ಪತ್ತು ಸಲ ನಿಧಾನವಾಗಿ ತುದಿಯಿಂದ ತುದಿಗೆ ತಿರುಗಿಸಿ ಮಟ್ಟ ನೋಡಬೇಕು. ಗುಳ್ಳೆ ಬರುವುದು ನಿಂತ ಮೇಲಷ್ಟೇ ಎಂಜಿನ್ ಚಾಲೂ ಮಾಡಿ ಮತ್ತೆ ತಿರುಗಿಸಬೇಕು. ಅವಸರ ಮಾಡಿ ಮೊದಲೇ ಚಾಲೂ ಮಾಡಿದರೆ ಪಂಪು ಗಾಳಿಯನ್ನು ಆಯಿಲ್‌ನೊಡನೆ ಕಡೆದು ನೊರೆ ಮಾಡಿಬಿಡುತ್ತದೆ, ಆ ನೊರೆ ಅಡಗಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಸೋರಿಕೆ ನಿಲ್ಲಿಸುವ ಸ್ಟಾಪ್ ಲೀಕ್ ಬಾಟಲಿಗಳು ಉಪಯೋಗವೇ?

ಇವುಗಳಲ್ಲಿ ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಸ್ವಲ್ಪ ಊದಿಸುವ ರಾಸಾಯನಿಕಗಳಿರುತ್ತವೆ. ಹಳೆಯ ಸೀಲಿನ ಸಣ್ಣ ಒಸರು ಕೆಲಕಾಲ ನಿಲ್ಲಬಹುದು. ಹರಿದ ಪೈಪಿಗೆ, ಸವೆದ ಶಾಫ್ಟಿಗೆ, ಸಡಿಲ ಕ್ಲಿಪ್ಪಿಗೆ ಇದರಿಂದ ಏನೂ ಆಗದು. ಮಾರುವುದಕ್ಕೆ ಮುಂಚೆ ಇದನ್ನು ಹಾಕಿ ಒರೆಸಿ ಇಟ್ಟ ಹಳೆಯ ಗಾಡಿಗಳೂ ಇರುವುದರಿಂದ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರ‍್ಯಾಕಿನ ಬೂಟುಗಳನ್ನು ಅಮುಕಿ ನೋಡುವುದನ್ನು ಬಿಡಬಾರದು.

ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹಿಡಿಯಬಾರದು ಎನ್ನುತ್ತಾರೆ, ಏಕೆ?

ಫುಲ್ ಲಾಕ್‌ನಲ್ಲಿ ಪಿಸ್ಟನ್ನಿಗೆ ಮುಂದೆ ಹೋಗಲು ಜಾಗವಿಲ್ಲ, ಆದರೆ ಪಂಪು ತಳ್ಳುತ್ತಲೇ ಇರುತ್ತದೆ. ಒತ್ತಡ ಮಿತಿ ಮೀರದಂತೆ ಪಂಪಿನೊಳಗಿನ ವಾಲ್ವು ತೆರೆದುಕೊಂಡು ಆಯಿಲನ್ನು ಅಲ್ಲಿಯೇ ಸುತ್ತಿಸುತ್ತದೆ, ಆ ಶಕ್ತಿಯೆಲ್ಲ ಬಿಸಿಯಾಗಿ ಮಾರ್ಪಡುತ್ತದೆ. ಐದು ಹತ್ತು ಸೆಕೆಂಡಿಗಿಂತ ಹೆಚ್ಚು ಹಾಗೆ ಹಿಡಿಯಬೇಡಿ. ಇಕ್ಕಟ್ಟಾದ ಜಾಗದಲ್ಲಿ ಪಾರ್ಕ್ ಮಾಡುವಾಗ ತುದಿ ಮುಟ್ಟಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟರೆ ಸಾಕು, ಸದ್ದು ಇಳಿಯುವುದು ನಿಮಗೇ ಕೇಳಿಸುತ್ತದೆ. ನಿಂತ ಗಾಡಿಯಲ್ಲಿ ತಿರುಗಿಸುವುದಕ್ಕಿಂತ, ಸ್ವಲ್ಪ ಚಲಿಸುತ್ತಿರುವಾಗ ತಿರುಗಿಸುವುದರಿಂದ ಟೈರು, ರ‍್ಯಾಕು ಎರಡಕ್ಕೂ ಹೊರೆ ಕಡಿಮೆ.

ಘಾಟಿಯಲ್ಲಿ ಇಳಿಯುವಾಗ ಎಂಜಿನ್ ಆಫ್ ಮಾಡಿದರೆ ಡೀಸೆಲ್ ಉಳಿಯುತ್ತದೆಯಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ. ಆಯಿಲ್ ಎಷ್ಟೇ ಒಳ್ಳೆಯದಿದ್ದರೂ ಸ್ಟೇರಿಂಗ್ ಕಲ್ಲಿನಂತಾಗುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿನ ನಿರ್ವಾತದ ನೆರವೂ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ತುಂಬಿದ ಗಾಡಿಯನ್ನು ಬರಿಯ ತೋಳಬಲದಿಂದ ತಿರುಗಿಸುತ್ತೇನೆ ಎನ್ನುವುದು ಆಗದ ಮಾತು. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದಿದ್ದರಂತೂ ಸ್ಟೇರಿಂಗ್ ಲಾಕ್ ಬೀಳಬಹುದು.

ಓಡುವಾಗ ತಾನಾಗಿ ನೆರವು ನಿಂತುಹೋದರೆ ಗಾಬರಿಯಾಗಬೇಡಿ. ಚಕ್ರಕ್ಕೂ ಸ್ಟೇರಿಂಗ್‌ಗೂ ಕಬ್ಬಿಣದ ನೇರ ಜೋಡಣೆ ಇದ್ದೇ ಇದೆ. ಎರಡೂ ಕೈಗಳಿಂದ ಬಲವಾಗಿ ಹಿಡಿದು, ವೇಗ ಇಳಿಸಿ, ರಸ್ತೆಯ ಅಂಚಿಗೆ ನಿಲ್ಲಿಸಬಹುದು.

ಆಯಿಲ್ ಸರಿಯಾಗಿದ್ದರೂ ಸ್ಟೇರಿಂಗ್ ಗಟ್ಟಿ ಇದೆ, ಏಕೆ?

ಮೊದಲು ಮುಂದಿನ ಟೈರುಗಳ ಗಾಳಿ ನೋಡಿ. ತೀರಾ ಸಾಮಾನ್ಯವಾದ ಕಾರಣ ಅದೇ. ಕಂಪನಿ ಹೇಳಿದ್ದಕ್ಕಿಂತ ಅಗಲವಾದ ಟೈರು ಹಾಕಿಸಿದ್ದರೆ ಅದಕ್ಕೂ ಹೆಚ್ಚು ಬಲ ಬೇಕು. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಯಲ್ಲಿ ನಿಲ್ಲುವ ಗಾಡಿಗಳಲ್ಲಿ ಸ್ಟೇರಿಂಗ್ ಕಂಬದ ಕೆಳತುದಿಯ ಯುನಿವರ್ಸಲ್ ಜಾಯಿಂಟು, ಅಂದರೆ ಬಾಗಿಕೊಂಡೇ ತಿರುಗಬಲ್ಲ ಕೀಲು, ತುಕ್ಕು ಹಿಡಿದು ಬಿಗಿಯಾಗುತ್ತದೆ. ಆಗ ಸ್ಟೇರಿಂಗ್ ಒಂದು ಸುತ್ತಿನಲ್ಲಿ ಕೆಲವೆಡೆ ಸಡಿಲ, ಕೆಲವೆಡೆ ಗಟ್ಟಿ ಅನಿಸುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಇದನ್ನು ಆಯಿಲ್ ಬದಲಿಸಿ ಸರಿಪಡಿಸಲು ಸಾಧ್ಯವಿಲ್ಲ.

ತೆಗೆದ ಹಳೆಯ ಆಯಿಲ್ ಏನು ಮಾಡಬೇಕು?

ಚರಂಡಿಗೆ, ತೋಟದ ಮೂಲೆಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ತೈಲ ಅಪಾಯಕಾರಿ ತ್ಯಾಜ್ಯವೇ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ನೀವು ಸರ್ವೀಸ್ ಮಾಡಿಸುವ ಗ್ಯಾರೇಜಿಗೆ ಕೊಡಿ. ಅವರು ತಮ್ಮ ಹಳೆಯ ಎಂಜಿನ್ ಆಯಿಲ್ ಜೊತೆಗೆ ಮರುಸಂಸ್ಕರಣೆಗೆ ಕಳಿಸಲು ಸಾಧ್ಯ. ಗೆದ್ದಲು ಹತ್ತದಿರಲಿ ಎಂದು ಬೇಲಿಯ ಗೂಟಗಳಿಗೂ ಬಾಗಿಲ ಚೌಕಟ್ಟಿಗೂ ಹಳೆಯ ಆಯಿಲ್ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಮಳೆಗೆ ತೊಳೆದು ಅದು ಮಣ್ಣಿಗೂ ಬಾವಿಯ ನೀರಿಗೂ ಇಳಿಯುವುದರಿಂದ ಅದನ್ನೂ ಬಿಡುವುದು ಲೇಸು. ಕ್ಯಾನಿನ ಮೇಲೆ ಒಳಗೇನಿದೆ ಎಂದು ದೊಡ್ಡದಾಗಿ ಬರೆಯಿರಿ, ಬಳಸಿದ ಸಿರಿಂಜನ್ನೂ ಜೊತೆಗೇ ಕಟ್ಟಿಡಿ. ತಂಪು ಪಾನೀಯದ ಹಳೆಯ ಬಾಟಲಿಗೆ ಮಾತ್ರ ಈ ಕೆಂಪು ಆಯಿಲ್ ತುಂಬಿ ಮಕ್ಕಳ ಕೈಗೆಟುಕುವಲ್ಲಿ ಇಡಬೇಡಿ.